ಇಪ್ಪತ್ತೊಂದು ಹುಣಸೆ ಬೀಜ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಆ ಕನ್ನಡ ಶಿಶುವಿಹಾರಕ್ಕೆ ನಾನು ಸೇರಿದ್ದು ಹದಿನೈದು ದಿನದ ಮಟ್ಟಿಗೆ. ಬಾಣಂತನಕ್ಕೆ ಹೋದ ಟೀಚರು ಮರಳಲಿಲ್ಲ. ಡೈರಿಯಲ್ಲಿ ನಾನು ಎಣಿಸುತ್ತಿದ್ದ ದಿನಗಳು ಹದಿನೈದು ಹೋಗಿ ನೂರಾ ನಲವತ್ತಾದವು. ಅಷ್ಟರಲ್ಲಿ ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕ ಕಾಗದ ಬಂತು. ಮುಂದಿನ ಮಂಗಳವಾರ ಹಾಜರಾಗದಿದ್ದರೆ ಸೀಟು ಬೇರೆಯವರಿಗೆ.

ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡಕ್ಕೋರು ಎನ್ನುತ್ತಿದ್ದರು. ಅವರು ಕಾಗದ ಓದಿ ಮಡಚಿ ಕೊಟ್ಟರು. "ಹೋಗವಾ, ನಾ ಯಾಕ ಹಿಡೀಲಿ? ಹುಡುಗೂರಿಗೆ ಸ್ವರ ತಿಳದಾವು ಅಂತ ರಜಿಸ್ಟರಿನ್ಯಾಗ ಬರದು ಹೋಗು. ಬರೋ ಹೊಸಾಕಿ ಸೀದಾ ಅಕ್ಷರ ತಿದ್ದಸ್ತಾಳ."

ನಮ್ಮ ಪಾಠದಲ್ಲಿ ಸ್ಲೇಟಿಲ್ಲ, ಕಿವಿ ಮಾತ್ರ. ಪ್ರತಿ ಮಗುವಿನ ಮುಂದೆ ಒಂದು ಹುಣಸೆ ಬೀಜ, ಒಂದು ತಗಡಿನ ಡಬ್ಬಿಯ ಮುಚ್ಚಳ. ನಾನು ಹೇಳಿದ ಮಾತು 'ಆ' ಎಂದು ಶುರುವಾದರೆ ಬೀಜವನ್ನು ಮುಚ್ಚಳಕ್ಕೆ ಹಾಕಬೇಕು. ಆನೆ ಅಂದರೆ ಟಣ್. ಬಾಳೆಹಣ್ಣು ಅಂದರೆ ಸುಮ್ಮನಿರಬೇಕು. ದಿನಕ್ಕೆ ಹತ್ತು ಮಾತು. ಎರಡು ವಾರದಿಂದ ನನ್ನ ಡೈರಿಯ ಲೆಕ್ಕದಲ್ಲಿ ಇಪ್ಪತ್ತೊಂದು ಮಕ್ಕಳೂ ಸರಿ.

ಗುರುವಾರ ಮುಂದಿನ ಸಾಲಿನ ಜಾಣೆ ಜ್ವರವೆಂದು ಬರಲಿಲ್ಲ. 'ಆಟ' ಎಂದೆ. ಒಂದೂ ಟಣ್ ಇಲ್ಲ. ಎಲ್ಲರೂ ಅವಳು ಕೂರುವ ಚಾಪೆಯ ಕಡೆ ನೋಡುತ್ತಿದ್ದರು.

"ಹಾಕ್ರಿ," ಎಂದೆ.

"ಆಕಿ ಬಂದಿಲ್ಲಲ್ಲ ಅಕ್ಕೋರ," ಎಂದಳು ಒಬ್ಬಳು ಪುಟ್ಟ ಹುಡುಗಿ, ನನಗೇ ಬುದ್ಧಿ ಹೇಳುವಂತೆ. "ಆಕಿ ಹಾಕಿದ ಮ್ಯಾಲ ನಾವು ಹಾಕೂದು."

ಹತ್ತು ಮಾತು ಮುಗಿದಾಗ ಸರಿ ಮಾಡಿದವರು ಮೂವರು. ಎರಡು ವಾರ ನಾನು ಎಣಿಸಿದ್ದು ಒಂದೇ ಮಗುವಿನ ಕಿವಿಯನ್ನು.

ದೊಡ್ಡಕ್ಕೋರಿಗೆ ಹೇಳಿದರೆ ನಕ್ಕರು. "ನಿನ್ನ ಡೈರಿ ಯಾರು ನೋಡ್ತಾರ? ರಜಿಸ್ಟರಿನ್ಯಾಗ ಇಪ್ಪತ್ತೊಂದು ಬರದು ಗಾಡಿ ಹತ್ತು. ಇಲ್ಲಾಂದ್ರ ಕೂತು ಕಲಸು. ನಾ ಕಟ್ಟಿ ಹಾಕೇನೇನು ನಿನ್ನ?"

ಕಟ್ಟಿ ಹಾಕಿದ್ದರೆ ಬಿಡಿಸಿಕೊಂಡು ಓಡುತ್ತಿದ್ದೆನೇನೋ.

ಶುಕ್ರವಾರ ಮಕ್ಕಳ ಕಣ್ಣು ಮುಚ್ಚಿಸಿ ಕೇಳಿದೆ: ಐದು. ಶನಿವಾರ, ಮರಳಿ ಬಂದ ಜಾಣೆಯೂ ಸೇರಿ, ಏಳು. ಕಿಟಕಿ ಮುಚ್ಚಿದರೆ ಆ ಕೋಣೆಯಲ್ಲಿ ಉಸಿರುಕಟ್ಟುತ್ತಿತ್ತು. ತೆರೆದರೆ ರೈಲಿನ ಸದ್ದು. ಅದು ದಾಟುವವರೆಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಭಾನುವಾರ ಅವ್ವ ನನ್ನ ಟ್ರಂಕು ತುಂಬಿದಳು. ನಾನು ರಜಿಸ್ಟರ್ ಮುಂದಿಟ್ಟುಕೊಂಡು ಪೆನ್ಸಿಲ್ಲಿನಲ್ಲಿ ಇಪ್ಪತ್ತೊಂದು ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ. ನಾಲ್ಕನೆಯ ಸಲಕ್ಕೆ ಕಾಗದ ಹರಿಯಿತು. ಅದರ ಪಕ್ಕದಲ್ಲಿ ಮಸಿಯಿಂದ ಏಳು ಎಂದು ಬರೆದೆ.

"ಮುಗೀತೇನ? ಬೀಗ ಹಾಕ್ಲಿ?" ಎಂದಳು ಅವ್ವ.

"ಬಟ್ಟಿ ಹೊರಗ ತಗಿ," ಎಂದೆ. ಅವಳು ಬೀಗ ಕೆಳಗಿಟ್ಟು ಒಂದೊಂದೇ ಸೀರೆ ಹೊರಗೆ ತೆಗೆದಳು.

ಸೋಮವಾರ 'ಆಕಳು' ಎನ್ನಲು ಬಾಯಿ ತೆರೆದೆ, ನಾನು ಹತ್ತಬೇಕಾಗಿದ್ದ ಬೆಳಗಿನ ಗಾಡಿ ಹೊರಟಿತು. ಇಪ್ಪತ್ತೊಂದು ಮಕ್ಕಳು ಕಣ್ಣು ಮುಚ್ಚಿ ಬೀಜ ಹಿಡಿದು ಕಾಯುತ್ತಿದ್ದರು. ರೈಲಿನ ಕೊನೆಯ ಡಬ್ಬಿ ದಾಟುವವರೆಗೆ ನಾನೂ ಹಾಗೆಯೇ ನಿಂತಿದ್ದೆ.