ಎಣ್ಣೂರಿನಿಂದ ತಂದ ಚಳಿ

ಮದ್ರಾಸಿನಲ್ಲಿ ನನ್ನಷ್ಟು ತಣ್ಣಗಿನ ಸಾಮಾನು ಸಾಗಿಸಿದವನು ಇನ್ನೊಬ್ಬ ಹುಟ್ಟಿಲ್ಲ. ಸುಳ್ಳು ಅನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ನಾನು ಸಾಮಾನು ಇಳಿಸಿದ ಲ್ಯಾಬು ಮುಚ್ಚಿತು, ಅದರ ವಾಚ್‌ಮನ್ ತೀರಿಕೊಂಡ.

ಪೋರೂರಿನ ಆ ಲ್ಯಾಬಿನಲ್ಲಿ ನಮ್ಮ ಕಡೆಯ ರಮ್ಯಾ ಮೇಡಂ ಇದ್ದರು. ಪೆಪ್ಟೈಡ್ ಅಂತ ಪ್ರೋಟೀನಿನ ತುಂಡು. ಅದನ್ನು ಆವಿಯಂತೆ ತೇಲಿಸಿ, ಹಿಮಕ್ಕಿಂತ ತಣ್ಣಗಿನ ಹೀಲಿಯಂನಿಂದ ಮರಗಟ್ಟಿಸಿ, ಮೇಲೆ ಲೇಸರ್ ಬಿಡುವುದು ಅವರ ಕೆಲಸ. ಬಿಸಿಯಿದ್ದರೆ ಅದು ಹಾವಿನ ಮರಿಯ ಹಾಗೆ ಹೊರಳುತ್ತದಂತೆ. ತಣ್ಣಗೆ ಮಲಗಿದರೆ ಮಾತ್ರ, ಯಾವ ಬೆಳಕು ನುಂಗಿತು ಎಂದು ನೋಡಿ ಅದು ಹೇಗೆ ಮಡಚಿಕೊಂಡಿದೆ ಅಂತ ಹೇಳಬಹುದು.

ಅವತ್ತು ಹೀಲಿಯಂ ಮುಗಿಯುತ್ತಾ ಬಂದಿತ್ತು. ಸಂಜೆಗೆ ಆ ಲೇಸರ್ ಯಂತ್ರದ ಸರದಿ ಇನ್ನೊಬ್ಬರಿಗೆ ಹೋಗುತ್ತಿತ್ತು. “ಅಜ್ಜ, ಬೇಗ ಬನ್ನಿ, ಇಲ್ಲದಿದ್ದರೆ ನನ್ನ ಪಿಎಚ್‌ಡಿ ಹೋಯಿತು” ಎಂದು ಮೇಡಂ ಫೋನಿನಲ್ಲಿ ಅತ್ತೇಬಿಟ್ಟರು.

ಎಣ್ಣೂರಿನ ಗ್ಯಾಸ್ ಕಂಪನಿಯಿಂದ ಆಳೆತ್ತರದ ಹೀಲಿಯಂ ಪಾತ್ರೆ ಏರಿಸಿ ಲಾರಿ ಬಿಟ್ಟೆ ನೋಡಿ! ಕೋಯಂಬೇಡು ಮಾರ್ಕೆಟ್ಟಿನಲ್ಲಿ ಟೊಮೆಟೊ ಗಾಡಿಗಳು ಅಡ್ಡ. “ವಳಿ ವಿಡುಪಾ, ದಾರಿ ಬಿಡಪ್ಪಾ, ಒಳಗೆ ಹಿಮಾಲಯ ಇದೆ!” ಎಂದು ಕೂಗಿದೆ. ಪೊಲೀಸಿನವನೇ ಸೆಲ್ಯೂಟ್ ಹೊಡೆದು ದಾರಿ ಬಿಡಿಸಿದ.

ಪಾತ್ರೆ ಜೋಡಿಸಿ ಯಂತ್ರ ತಣ್ಣಗಾಗಿದ್ದೇ ತಡ, ಪರದೆಯ ಮೇಲೆ ಮಸುಕು ಗುಡ್ಡದಂತಿದ್ದ ಬೆಳಕಿನ ಗೆರೆ ಒಡೆದು ಸೂಜಿ ಸೂಜಿಯಾಗಿ ಎದ್ದಿತು. ಮೇಡಂ ಕುಣಿದರು. “ಸಿಕ್ಕಿತು ಅಜ್ಜ, ಗೆಲ್ಲಿಸಿಬಿಟ್ಟಿರಿ!”

ಮೊನ್ನೆ ಹೋಟೆಲಿನಲ್ಲಿ ಇದನ್ನೇ ಹೇಳುತ್ತಿದ್ದೆ. ದೋಸೆ ಹುಯ್ಯುತ್ತಿದ್ದ ಕಿಟ್ಟಣ್ಣ ತಿರುಗಿ ನಿಂತ.

“ಮಾರಾಯ್ರೆ, ನಿಮಗೆ ಸೈಕಲ್ಲೇ ಬರುವುದಿಲ್ಲ. ನೀವು ಆ ಲಾರಿಯ ಕ್ಲೀನರ್ ಅಲ್ವಾ?”

ಭುಜ ಕುಣಿಸಿದೆ. “ಸ್ಟಿಯರಿಂಗ್ ಯಾರು ಬೇಕಾದ್ರೂ ಹಿಡೀತಾರೆ, ಮಾರಾಯ. ಹಿಂದೆ ಕೂತು ಹಿಮಾಲಯ ಅಪ್ಪಿಕೊಂಡವನು ನಾನು.”