ಸಿದ್ದಮ್ಮಕ್ಕ ನೋಡದ ಪಾಠ

ಸಿದ್ದಮ್ಮಕ್ಕನಿಗೆ ಯಾವ ಮಾತನ್ನೂ ಎರಡು ಸಲ ಕೇಳಿಸಿಕೊಳ್ಳದೆ ಸಮಾಧಾನವಿರಲಿಲ್ಲ. ಆಸ್ಪತ್ರೆಯ ವಾರದ ಮೀಟಿಂಗಿನಲ್ಲಿ ಡಾಕ್ಟರು ಹೊಸ ಔಷಧಿಯ ವಿಷಯ ಹೇಳಿ ಎದ್ದು ಹೊರಟರೂ ಬಾಗಿಲಿಗೆ ಅಡ್ಡ ನಿಂತು, "ಇನ್ನೊಂದ್ಸಲ ಏಳಿ ಸಾರ್, ತಲಗೆ ಓಗ್ನಿಲ್ಲ" ಎನ್ನುತ್ತಿದ್ದರು. ನಾವು ಮುಸಿಮುಸಿ ನಗುತ್ತಿದ್ದೆವು.

ತಾಳಮಲೆ ಕಡೆಯ ಕಾಡಂಚಿನ ಊರುಗಳಿಗೆಲ್ಲ ಅವರೊಬ್ಬರೇ ನರ್ಸು. ನಾನು ಆಸ್ಪತ್ರೆಯಲ್ಲಿ ಮಾತ್ರೆ ಕೊಡುವವಳು. ನಾವೆಲ್ಲರೂ ತಿಂಗಳಿಗೊಂದು ಪಾಠವನ್ನು ಫೋನಿನಲ್ಲೇ ನೋಡಿ, ಕೊನೆಯ ಪ್ರಶ್ನೆಗಳಿಗೆ ಉತ್ತರ ಒತ್ತಿ ಸರ್ಟಿಫಿಕೇಟು ತೆಗೆಯಬೇಕೆಂದು ಮೇಲಿನಿಂದ ಆದೇಶ ಬಂತು. ನನಗೆ ಅದೊಂದು ಕಾಟ. ವಿಡಿಯೊದ ಸದ್ದಡಗಿಸಿ ಮೇಜಿನ ಕೆಳಗಿಟ್ಟು ಮಾತ್ರೆ ಎಣಿಸುತ್ತಿದ್ದೆ. ಉತ್ತರ ತಪ್ಪಾದರೆ ಮತ್ತೆ ಒತ್ತಿದರಾಯಿತು. ಸಿದ್ದಮ್ಮಕ್ಕನ ಊರಿಗೆ ಟವರ್ ಸಿಗುತ್ತಿರಲಿಲ್ಲ. ಗುರುವಾರದ ಮೀಟಿಂಗಿಗೆ ಬಂದಾಗ ನನ್ನ ಪಕ್ಕ ಕೂತು ಪಾಠ ನೋಡಬೇಕೆಂದು ನೋಟ್‌ಬುಕ್ಕನ್ನೂ ತರುತ್ತಿದ್ದರು. ಫೋನು ಕೊಟ್ಟು ಹೋಗಿ ಅಕ್ಕ, ನಾನೇ ಮುಗಿಸುತ್ತೇನೆ ಎನ್ನುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಜಂಬ ನನಗೆ.

"ಏನ್ ಏಳುದ್ರವ್ವ ಅದ್ರಲ್ಲಿ?" ಎಂದು ಫೋನು ಇಸಿದುಕೊಳ್ಳುವಾಗ ಕೇಳುವರು. ನಿಮಗೆ ಗೊತ್ತಿರುವುದೇ ಅಕ್ಕ, ಹೊಸದೇನಿಲ್ಲ ಎನ್ನುತ್ತಿದ್ದೆ. ಬಸ್ಸು ಹತ್ತುವ ಮುಂಚೆ ತಿರುಗಿ ಬಂದು ಮತ್ತೆ ಕೇಳುವರು. ಮತ್ತೆ ಅದೇ ಉತ್ತರ ಕೊಡುತ್ತಿದ್ದೆ.

ಒಂದು ದಿನ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿನ ಕೈಗೆ ಹಾವು ಕಚ್ಚಿತು. ಸಿದ್ದಮ್ಮಕ್ಕ ಓಡಿಹೋಗಿ, ತರಬೇತಿಯ ಕಾಲದಲ್ಲಿ ಕಲಿತಂತೆ ತೋಳಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಆಸ್ಪತ್ರೆಯವರೆಗೂ ಬಿಚ್ಚದೆ ಕರೆತಂದರು. ಜೀವ ಉಳಿಯಿತು. ರಕ್ತ ಹರಿಯದೆ ಕಪ್ಪಾದ ಎರಡು ಬೆರಳು ಉಳಿಯಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಸಿದ್ದಮ್ಮಕ್ಕನ ಸರ್ಟಿಫಿಕೇಟು ಹೊರತೆಗೆದರು. ಹಾವು ಕಚ್ಚಿದರೆ ಬಿಗಿದು ಕಟ್ಟಬಾರದೆಂಬ ಪಾಠವನ್ನು ನೀವು ಪಾಸು ಮಾಡಿದ್ದೀರಲ್ಲ, ನೋಡೇ ಇಲ್ಲವೇ ಎಂದು ಕೇಳಿದರು. ಸಿದ್ದಮ್ಮಕ್ಕ ಒಂದು ಸಲ ನನ್ನ ಕಡೆ ನೋಡಿದರು.

"ನಾ ನೋಡಿದ್ದಿ ಸಾರ್. ಆ ಒತ್ನಲ್ಲಿ ಗ್ಯಾನ ಬರ್ನಿಲ್ಲ."

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ. ಎರಡು ತಿಂಗಳಲ್ಲಿ ನಿವೃತ್ತರಾಗಬೇಕಿದ್ದವರ ಹೆಸರಿಗೆ ಕಪ್ಪು ಚುಕ್ಕೆ ಬಿತ್ತು. ಅದನ್ನು ಇಟ್ಟವಳು ನಾನು.

ನಿವೃತ್ತಿಯ ದಿನ ಹಾರ ತೆಗೆದಿಟ್ಟು ನನ್ನ ಬಳಿ ಬಂದು ಕೂತರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಮುಂದೆ ಹಿಡಿದರು. "ಆ ಪಾಟ ಒಂದ್ಸಲ ಆಕವ್ವ."

ಹಾಕಿದೆ. ಮೂರನೆಯ ನಿಮಿಷಕ್ಕೆ ಆ ಮಾತು ಬಂತು. ಕಟ್ಟಬೇಡಿ, ಕೈ ಅಲುಗಾಡದಂತೆ ನೋಡಿಕೊಳ್ಳಿ, ಬೇಗ ಆಸ್ಪತ್ರೆಗೆ ಕರೆತನ್ನಿ. ಅಷ್ಟನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ನನ್ನ ಮುಖವನ್ನೇ ನೋಡಿದರು.

"ಇಷ್ಟೇನವ್ವ? ಇಷ್ಟ್ನ ಬಾಯಲ್ಲಿ ಏಳುದ್ರೂ ಸಾಕಾಗಿತ್ತಲ್ಲ."