ಟವರ್ ಕಿವುಡಾದ ಮಧ್ಯಾಹ್ನ

ಕಡಲು ಎಣ್ಣೆ ಸುರಿದ ಹಾಗೆ ಸುಮ್ಮನಾದ ದಿನ, ಕಡಲದಡದ ಊರು ಮಜೇನೆಯ ಹಸ್ನಿಯಾ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಮೊಬೈಲ್ ಟವರಿನ ಬುಡದ ಕೋಣೆಗೆ ಹೋಗಿ ಅದರ ಬಿಡುವನ್ನು ಹಿಗ್ಗಿಸಿ ಬರುತ್ತಾಳೆ. ಮೇಲಿನವರು ಬೈದರೆ ಬೈಯಲಿ. ಬೈಗುಳಕ್ಕೆ ಹೆದರುತ್ತಿದ್ದ ಹಿಂದಿನ ಹಸ್ನಿಯಾ ಬೇರೆ.

ಆ ಟವರಿನ ಫಲಕದಲ್ಲಿ ಅರವತ್ತನಾಲ್ಕು ಪುಟ್ಟ ಆಂಟೆನಾಗಳಿವೆ. ಎಲ್ಲ ಒಟ್ಟಾಗಿ ಒಂದೊಂದು ಫೋನಿಗೂ ಗುರಿಯಿಟ್ಟು ಮಾತು ಕಳಿಸುತ್ತವೆ, ರೆಪ್ಪೆ ಬಡಿಯುವುದಕ್ಕಿಂತ ಚಿಕ್ಕ ಹೊತ್ತು ಸುಮ್ಮನಿರುತ್ತವೆ, ಆಮೇಲೆ ಫೋನುಗಳ ಮಾತು ಕೇಳಿಸಿಕೊಳ್ಳುತ್ತವೆ. ಆ ಬಿಡುವು ಯಾಕೆಂದು ಹದಿನಾಲ್ಕು ವರ್ಷ ಟವರ್ ಹತ್ತಿಳಿದು ರಿಪೇರಿ ಮಾಡಿದ ಹಸ್ನಿಯಾಗೆ ಗೊತ್ತಿತ್ತು. ಗಾಳಿ ನಿಂತು ಬಿಸಿಲು ಕಾದ ದಿನ, ಜಲಸಂಧಿಯಾಚೆಯ ಕಾಲಿಮಂತಾನ್ ದಡದ ಟವರುಗಳ ಸದ್ದು ನೀರಿನ ಮೇಲೆ ಜಾರಿಕೊಂಡು ತಡವಾಗಿ ಬಂದು ಬೀಳುತ್ತದೆ. ಬಿಡುವು ಉದ್ದವಿದ್ದರೆ ಆ ಸದ್ದು ಅಲ್ಲೇ ಕರಗುತ್ತದೆ. ಗಿಡ್ಡವಾದರೆ ಟವರ್ ಕಿವುಡು. ಊರೊಳಗಿನ ಫೋನುಗಳ ದನಿ ಹೇಗೋ ಮುಟ್ಟುತ್ತದೆ, ದೂರದ ದೋಣಿಗಳದ್ದು ಮುಳುಗಿ ಹೋಗುತ್ತದೆ.

ಆಗ ಮಕಾಸ್ಸರ ಪಟ್ಟಣದ ಕಚೇರಿಯ ಮೇಲಧಿಕಾರಿ ರುಸ್ಲಿಗೆ ಆ ಬಿಡುವು ಕಣ್ಣಿಗೆ ಚುಚ್ಚುತ್ತಿತ್ತು.

"ಸುಮ್ನೆ ಕೂತ್ಕೊಳ್ಳೋಕಾ ಟವರ್ ಹಾಕಿರೋದು? ಕಡಿಮೆ ಮಾಡು, ಸ್ಪೀಡ್ ಬರುತ್ತೆ," ಅಂದ. ಹಸ್ನಿಯಾ ಕಡಿಮೆ ಮಾಡಿದಳು. ಸ್ಪೀಡ್ ಬಂತು, ಊರೆಲ್ಲ ಹೊಗಳಿತು.

ಮೂರನೇ ವಾರ ಒಂದು ಮಧ್ಯಾಹ್ನ ಗಾಳಿ ಉಸಿರು ಕಟ್ಟಿ ನಿಂತಿತು. ಕೋಣೆಯ ಪರದೆಯಲ್ಲಿ ಗದ್ದಲದ ಗೆರೆ ಏರತೊಡಗಿತು. ಅವಳ ಗಂಡ ಸಹಾಬು ಬೆಳಿಗ್ಗೆಯೇ ಒಬ್ಬನೇ ಮೀನಿಗೆ ಹೋಗಿದ್ದ. ಒಂದು ಗಂಟೆಗೆ ಹಸ್ನಿಯಾ ರುಸ್ಲಿಗೆ ಫೋನ್ ಮಾಡಿದಳು.

"ಸಾರ್, ಆಚೆ ದಡದ ಗದ್ದಲ ಒಳಗೆ ನುಗ್ತಿದೆ. ಬಿಡುವು ಹಿಗ್ಗಿಸ್ತೀನಿ. ಐದು ನಿಮಿಷದ ಕೆಲಸ."

"ಇವತ್ತೇ ಕಂಪನಿಯವರು ಸ್ಪೀಡ್ ಅಳೀತಿದಾರೆ ಕಣಮ್ಮ, ನನ್ನ ಮರ್ಯಾದೆ ಕಳೀಬೇಡ. ಸಂಜೆ ಮಾಡು. ಯಾರಾದ್ರೂ ಕಂಪ್ಲೇಂಟ್ ಕೊಟ್ರಾ?"

"ಇಲ್ಲ ಸಾರ್."

"ಮತ್ತೇನು?"

ಅಯ್ಯೋ ಪುಣ್ಯಾತ್ಮ, ದೂರು ಕೊಡಬೇಕಾದವರ ದನಿಯೇ ಒಳಗೆ ಬರದಿದ್ದರೆ ದೂರು ಎಲ್ಲಿಂದ ಬರಬೇಕು? ಹಸ್ನಿಯಾ ಅದನ್ನು ಹೇಳಬೇಕಿತ್ತು. ಹೇಳದೆ ಊಟಕ್ಕೆ ಮನೆಗೆ ಹೋದಳು.

ಅತ್ತೆ ಒಲೆಯ ಮುಂದೆ ಮರಗೆಣಸಿನ ರೊಟ್ಟಿ ಬೇಯಿಸುತ್ತಿದ್ದಳು. ಸೊಸೆ ಸಹಾಬುವಿನ ನಂಬರು ತೆಗೆದದ್ದು ಕಂಡು ಗದರಿದಳು.

"ಏ ಹುಡುಗಿ, ಇಡು ಕೆಳಗೆ! ಕಡಲಿಗೆ ಹೋದೋನನ್ನ ದಡದಿಂದ ಕರೀಬಾರ್ದು ಅಂತ ಗೊತ್ತಿಲ್ವಾ? ಬೇಕಾದ್ರೆ ಅವನೇ ಮಾಡ್ತಾನೆ."

"ಮಾಡಿಲ್ವಲ್ಲ ಅತ್ತೆ."

"ಮಾಡಿಲ್ಲ ಅಂದ್ರೆ ಚೆನ್ನಾಗಿದಾನೆ ಅಂತ. ತಿನ್ನು, ಆರೋಗುತ್ತೆ."

ಆ ಕೇರಿಯ ಹೆಂಗಸರೆಲ್ಲ ಹಾಗೇ ಬದುಕಿದವರು. ಒಂದೇ ಒಂದು ಸಲ ಒತ್ತಿದ್ದರೆ, ಕರೆ ಸೇರದ್ದು ಕಂಡು ಅವಳಿಗೆ ಎಲ್ಲ ತಿಳಿಯುತ್ತಿತ್ತು. ಹಸ್ನಿಯಾ ಫೋನ್ ಕೆಳಗಿಟ್ಟು ರೊಟ್ಟಿ ಮುರಿದಳು.

ಸಂಜೆ ನಾಲ್ಕೂವರೆಗೆ ಬಿಡುವು ಹಿಗ್ಗಿಸಿದಳು. ಅಷ್ಟರಲ್ಲಿ ಪಡುವಣದಿಂದ ಬಿರುಗಾಳಿ ಬಂದಾಗಿತ್ತು.

ಮರುದಿನ ಬೆಳಿಗ್ಗೆ ಪಕ್ಕದೂರಿನವರು ದೋಣಿಯನ್ನು ಎಳೆದು ತಂದರು. ಎಂಜಿನ್ ಬಿಚ್ಚಿ ಹರಡಿತ್ತು. ಸಹಾಬು ಇರಲಿಲ್ಲ. ಅವನ ಫೋನನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ದೋಣಿಯ ಮೂತಿಗೆ ಕಟ್ಟಿದ್ದ.

ಅದರಲ್ಲಿ ಸೇರದೆ ಹೋದ ಹತ್ತೊಂಬತ್ತು ಕರೆ, ಎಲ್ಲವೂ ಅವಳ ನಂಬರಿಗೇ. ಮೊದಲನೆಯದು ಒಂದು ಗಂಟೆ ಹತ್ತು ನಿಮಿಷಕ್ಕೆ, ಕೊನೆಯದು ನಾಲ್ಕಕ್ಕೆ. ಕೆಳಗೆ, ಹೋಗದೆ ಉಳಿದ ಒಂದು ಸಂದೇಶ:

"ಎಂಜಿನ್ ಕೈಕೊಡ್ತು. ಸಿಗ್ನಲ್ ಫುಲ್ ಇದೆ, ನೀನೇ ಸಿಗ್ತಿಲ್ಲ. ಬೆಳಿಗ್ಗೆ ನಾನು ಬೈದೆ ಅಂತ ಫೋನ್ ಆಫ್ ಮಾಡ್ಕೊಂಡಿದೀಯಾ?"